ದಾರಿ ತಪ್ಪಿದ ಕಾಗದ

1817ರ ಸೆಪ್ಟೆಂಬರ್ 2ರಂದು ಇಂಗ್ಲೆಂಡಿನ ಸೇಂಟ್ ಐವ್ಸ್ ಊರಿನ ಲಿಂಡ್ಸೆಲ್ ಎಂಬ ಉಣ್ಣೆ ವ್ಯಾಪಾರಿಗಳು ಒಂದು ಕಾಗದ ಬರೆದು ಟಪಾಲಿಗೆ ಹಾಕಿದರು. ನಮ್ಮಲ್ಲಿ ಇಷ್ಟು ಟಗರಿನ ಉಣ್ಣೆ ಇದೆ, ದರ ಇಷ್ಟು, ಬೇಕಿದ್ದರೆ ಮರುಟಪಾಲಿಗೆ ತಿಳಿಸಿ. ಒಕ್ಕಣೆ ಇಷ್ಟೇ. ಕಾಗದ ಸೇರಬೇಕಾದದ್ದು ವೂಸ್ಟರ್‌ಶೈರ್ ಸೀಮೆಯ ಬ್ರೋಮ್ಸ್‌ಗ್ರೋವ್‌ನಲ್ಲಿ ಉಣ್ಣೆ ಬಟ್ಟೆ ತಯಾರಿಸುತ್ತಿದ್ದ ಆಡಮ್ಸ್ ಕಡೆಯವರಿಗೆ. ವಿಳಾಸ ಬರೆದವರ ಕೈ ಜಾರಿ ಅದು ‘ಲೆಸ್ಟರ್‌ಶೈರ್’ ಎಂದಾಯಿತು. ತಪ್ಪು ಸೀಮೆಗೆ ಹೋಗಿ ಸುತ್ತಿ ಬಂದ ಕಾಗದ ಆಡಮ್ಸ್ ಕೈಗೆ ಸಿಕ್ಕಿದ್ದು 5ನೇ ತಾರೀಖು ಸಂಜೆ 7 ಗಂಟೆಗೆ. ಅವರು ತಡಮಾಡಲಿಲ್ಲ, ಅದೇ ರಾತ್ರಿ ಒಪ್ಪಿಗೆ ಬರೆದು ಟಪಾಲಿಗೆ ಹಾಕಿದರು. ಅತ್ತ ಲಿಂಡ್ಸೆಲ್ ಕಡೆಯವರು 7ರವರೆಗೆ ದಾರಿ ನೋಡಿ, ಉತ್ತರ ಕಾಣದೆ, 8ರಂದು ಉಣ್ಣೆಯನ್ನು ಬೇರೆಯವರಿಗೆ ಮಾರಿಬಿಟ್ಟರು. ಆಡಮ್ಸ್ ಒಪ್ಪಿಗೆ ಬಂದು ಮುಟ್ಟಿದ್ದು 9ಕ್ಕೆ.

ಒಪ್ಪಂದ ಆಗಿತ್ತೇ, ಇಲ್ಲವೇ? 1818ರಲ್ಲಿ ಕಿಂಗ್ಸ್ ಬೆಂಚ್ ಕೋರ್ಟು ‘ಆಗಿತ್ತು’ ಎಂದು ತೀರ್ಪಿತ್ತಿತು. ಒಪ್ಪಿಗೆಯ ಕಾಗದ ಟಪಾಲಿಗೆ ಬಿದ್ದ ಗಳಿಗೆಯಲ್ಲೇ ಮಾತು ಕುದುರಿತು. ಅದು ತಲುಪುವವರೆಗೆ ಕಾಯಬೇಕಿಲ್ಲ. ಕಾಯಬೇಕು ಅಂದರೆ, ನಮ್ಮ ಒಪ್ಪಿಗೆ ತಲುಪಿದ ಸುದ್ದಿ ಬರಲಿ ಎಂದು ಇವರು, ಆ ಸುದ್ದಿ ಮುಟ್ಟಿದ ಸುದ್ದಿ ಬರಲಿ ಎಂದು ಅವರು ಕಾಯುತ್ತ ಕೂತು ವ್ಯಾಪಾರ ಯಾವತ್ತಿಗೂ ಮುಗಿಯುವುದಿಲ್ಲ ಎಂಬುದು ಜಡ್ಜುಗಳ ತರ್ಕ. ನಮ್ಮ ಲಾ ಕಾಲೇಜುಗಳಲ್ಲಿ ಕಾಂಟ್ರ್ಯಾಕ್ಟ್ ಪೇಪರ್ ಓದಿದವರಿಗೆ ‘ಆಡಮ್ಸ್ ವರ್ಸಸ್ ಲಿಂಡ್ಸೆಲ್’ ಬಾಯಿಪಾಠ.

ಇದೇ ಕತೆಯನ್ನು ಜರ್ಮನ್ ವಕೀಲರೊಬ್ಬರಿಗೆ ಹೇಳಿ ನೋಡಿ. ಅವರ ಸಿವಿಲ್ ಸಂಹಿತೆಯ 130ನೇ ಕಲಮಿನ ಪ್ರಕಾರ ದೂರದಲ್ಲಿರುವವರಿಗೆ ಹೇಳಿದ ಮಾತಿಗೆ ಬೆಲೆ ಬರುವುದು ಅದು ತಲುಪಿದ ಮೇಲೆ. ಟಪಾಲು ಚೀಲದೊಳಗಿನ ಒಪ್ಪಿಗೆ ಇನ್ನೂ ಬರೀ ಕಾಗದ. ಅಲ್ಲಿಗೆ ಇಬ್ಬರದೂ ಉತ್ತರ ದಕ್ಷಿಣ. ಬಹುಕಾಲ ತೌಲನಿಕ ಕಾನೂನಿನ ಹೊತ್ತಗೆಗಳು ಇಲ್ಲಿಗೇ ನಿಲ್ಲುತ್ತಿದ್ದವು: ಇವರಲ್ಲಿ ಹೀಗೆ, ಅವರಲ್ಲಿ ಹಾಗೆ. ಈ ಎರಡು ನಿಯಮಗಳು ಒಂದೇ ಕಳ್ಳನಿಗೆ ಹೆದರಿ ಎರಡು ಮನೆಯವರು ಹಾಕಿಸಿಕೊಂಡ ಎರಡು ಬಗೆಯ ಅಗುಳಿ ಎಂಬುದು ಹೊಳೆಯಲು ಮುಕ್ಕಾಲು ಶತಮಾನವೇ ಬೇಕಾಯಿತು. ಅದನ್ನು ಕಂಡುಕೊಂಡವರಲ್ಲಿ ಹೆಚ್ಚಿನವರು ಗಡಿ ದಾಟಿದವರು. ಕೆಲವರು ಬೇಕೆಂದು ದಾಟಿದರು, ಕೆಲವರು ಜೀವ ಉಳಿಸಿಕೊಳ್ಳಲು.

*

ಒಂದು ಕಾಲಕ್ಕೆ ಯುರೋಪಿನಲ್ಲಿ ಈ ಪ್ರಶ್ನೆ ಇಷ್ಟು ಕಗ್ಗಂಟಾಗಿರಲಿಲ್ಲ. 12ನೇ ಶತಮಾನದಿಂದ ಇಟಲಿಯ ಬೊಲೊನ್ಯಾ ಊರಿಗೆ ಆಲ್ಪ್ಸ್ ಪರ್ವತದ ಆಚೆಯಿಂದಲೂ ಹುಡುಗರು ಕಾನೂನು ಓದಲು ಬರುತ್ತಿದ್ದರು. ಪಾಠ ಲ್ಯಾಟಿನ್ನಿನಲ್ಲಿ; ಪುಸ್ತಕ 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಮಾಡಿಸಿದ ರೋಮನ್ ಕಾನೂನಿನ ಸಂಗ್ರಹ. ಇಂಗ್ಲೆಂಡಿನ ಕೋರ್ಟುಗಳನ್ನು ಬಿಟ್ಟರೆ, ಅಲ್ಲಿ ಕಲಿತ ವಿದ್ಯೆ ಭೂಖಂಡದ ಬಹುತೇಕ ಕಡೆ ಚಲಾವಣೆಯ ನಾಣ್ಯ.

ಆಮೇಲೆ ದೇಶಕ್ಕೊಂದು ಸಂಹಿತೆ ಬಂತು. 1804ರಲ್ಲಿ ನೆಪೋಲಿಯನ್ ಫ್ರೆಂಚರಿಗೆ ಫ್ರೆಂಚಿನಲ್ಲೇ ಸಿವಿಲ್ ಕಾನೂನು ಕೊಟ್ಟ. 1900ರ ಜನವರಿ 1ರಿಂದ ಜರ್ಮನಿಯ ಸಂಹಿತೆ ಜಾರಿಯಾಯಿತು. ಪಾಠಶಾಲೆಗಳೂ ಹಾಗೇ ಬಾಗಿಲು ಹಾಕಿಕೊಂಡವು: ಪ್ಯಾರಿಸ್ಸಿನವರಿಗೆ ತಮ್ಮ ಕಲಮುಗಳು, ಬರ್ಲಿನ್ನಿನವರಿಗೆ ತಮ್ಮವು. ಜರ್ಮನ್ ಪಂಡಿತ ರುಡಾಲ್ಫ್ ಫಾನ್ ಯೇರಿಂಗ್ 1850ರ ದಶಕದಲ್ಲೇ ಪೇಚಾಡಿದ್ದರು, ಕಾನೂನಿನ ಶಾಸ್ತ್ರ ರಾಜ್ಯದ ಗಡಿಗೆ ಬಂದು ನಿಂತುಬಿಡುವ ಪ್ರಾಂತೀಯ ವಿದ್ಯೆಯಾಗಿಬಿಟ್ಟಿತು ಎಂದು. ರಸಾಯನಶಾಸ್ತ್ರ ಕಲಿತವರು ಯಾವ ಊರಿನ ಪ್ರಯೋಗಾಲಯದಲ್ಲೂ ಕೆಲಸ ಮಾಡಬಲ್ಲರು. ಕಾನೂನು ಕಲಿತವರು ಗಡಿಯ ಸುಂಕದಕಟ್ಟೆ ದಾಟಿದರೆ ಅನಕ್ಷರಸ್ಥರ ಸಮ.

ಈ ಗೋಡೆಗೆ ಮೊದಲು ಕಿಂಡಿ ಕೊರೆಯಲು ಹೊರಟವರು ಫ್ರೆಂಚರು. 1900ರಲ್ಲಿ ಪ್ಯಾರಿಸ್ಸಿನಲ್ಲಿ ಜಗತ್ತಿನ ವಸ್ತುಪ್ರದರ್ಶನ ನಡೆದಿತ್ತು. ಅದರ ಗದ್ದಲದ ನಡುವೆ ಜುಲೈ 31ರಿಂದ ಆಗಸ್ಟ್ 4ರವರೆಗೆ ತೌಲನಿಕ ಕಾನೂನಿನ ಅಂತರರಾಷ್ಟ್ರೀಯ ಸಮ್ಮೇಳನವೂ ಸೇರಿತು. ಅದರ ಹಿಂದಿದ್ದವರು ರೇಮಂ ಸಲೈ ಮತ್ತು ಲಿಯೋಂ ನಗರದ ಎದುವಾರ್ ಲಾಂಬೇರ್. ದೇಶದೇಶಗಳ ಶಾಸನಗಳನ್ನು ಸೋಸಿದರೆ ನಾಗರಿಕ ಸಮಾಜಗಳಿಗೆಲ್ಲ ಒಪ್ಪುವ ಸಾಮಾನ್ಯ ಕಾನೂನೊಂದು ತಳದಲ್ಲಿ ಸಿಕ್ಕೀತು ಎಂಬ ಕನಸು ಅವರದು. ಇಂಗ್ಲೆಂಡಿನಿಂದ ಬಂದವರು ಫ್ರೆಡರಿಕ್ ಪೊಲಾಕ್. ನಮ್ಮ ವಕೀಲರ ಕಪಾಟಿನಲ್ಲಿರುವ ‘ಪೊಲಾಕ್ ಅಂಡ್ ಮುಲ್ಲಾ’ದ ಪೊಲಾಕ್ ಇವರೇ, ಭಾರತದ ಒಪ್ಪಂದ ಕಾಯಿದೆಯ ಮೇಲಿನ ಆ ಪುಸ್ತಕ ಬಂದದ್ದು ಐದು ವರ್ಷದ ತರುವಾಯ, 1905ರಲ್ಲಿ.

ಸಮ್ಮೇಳನದ ಉತ್ಸಾಹ ದೊಡ್ಡದು, ಸಲಕರಣೆ ಚಿಕ್ಕದು. ಅವರು ಕಲಮಿನ ಪಕ್ಕ ಕಲಮು ಇಟ್ಟು ನೋಡುತ್ತಿದ್ದರು. ಹಾಗಿದ್ದರೆ ಸಂಹಿತೆಯೇ ಇಲ್ಲದ, ತೀರ್ಪುಗಳ ಮೇಲೆ ತೀರ್ಪು ಪೇರಿಸಿಕೊಂಡು ಬಂದ ಇಂಗ್ಲೆಂಡನ್ನು ಎಲ್ಲಿ ಇಡುವುದು? ಆ ಕಾಲದ ಲಾಂಬೇರ್ ಅದನ್ನು ಹೋಲಿಕೆಯಿಂದಲೇ ಹೊರಗಿಟ್ಟರು. ತಕ್ಕಡಿಗೆ ಬಾರದ್ದನ್ನು ತೂಗಲಿಲ್ಲ, ಅಷ್ಟೇ. ಆದರೆ ಅವರ ತರಗತಿ ಅವರ ಸಿದ್ಧಾಂತಕ್ಕಿಂತ ದೂರ ಹೋಯಿತು. ಲಿಯೋಂನಲ್ಲಿ ಅವರ ಬಳಿ ಓದಿದ ಈಜಿಪ್ಟಿನ ಅಬ್ದ್ ಅಲ್-ರಝಾಕ್ ಅಲ್-ಸನ್ಹೂರಿ ಮುಂದೆ ತಮ್ಮ ದೇಶದ 1948ರ ಸಿವಿಲ್ ಸಂಹಿತೆಯ ಶಿಲ್ಪಿಯಾದರು.

*

ತಕ್ಕಡಿಯನ್ನೇ ಬದಲಿಸಬೇಕು ಎಂದು ಕಂಡವರು ಅರ್ನ್ಸ್ಟ್ ರಾಬೆಲ್. 1874ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು, ಮೂಲತಃ ರೋಮನ್ ಕಾನೂನಿನ ಪಂಡಿತರು. ಅವರಿಗೆ ಪಾಠ ಕಲಿಸಿದ್ದು ಸಮ್ಮೇಳನವಲ್ಲ, ಸೋತ ಯುದ್ಧ. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಡಂಬಡಿಕೆಯ ಪ್ರಕಾರ ಜರ್ಮನಿಗೂ ಗೆದ್ದ ದೇಶಗಳಿಗೂ ನಡುವೆ ಮಿಶ್ರ ನ್ಯಾಯಮಂಡಳಿಗಳು ಕೂತವು. ಯುದ್ಧದಲ್ಲಿ ಮುರಿದುಬಿದ್ದ ಕರಾರುಗಳು, ನಿಂತುಹೋದ ಸಾಲಗಳು, ಎಲ್ಲವೂ ಅಲ್ಲಿಗೆ ಬಂದವು. ಜರ್ಮನ್–ಇಟಾಲಿಯನ್ ಮಂಡಳಿಯಲ್ಲಿ ರಾಬೆಲ್ ನ್ಯಾಯಾಧೀಶರು. ಎದುರಿಗೆ ಕೂತವರು ಬೇರೆ ಪರಿಭಾಷೆಯಲ್ಲಿ ಯೋಚಿಸುವವರು. ಆದರೂ ಸಂಜೆಯೊಳಗೆ ಒಂದು ತೀರ್ಪಿಗೆ ಬರಲೇಬೇಕು. ನಿಮ್ಮ ಈ ಪದಕ್ಕೆ ನಮ್ಮಲ್ಲಿ ಯಾವ ಪದ ಎಂದು ಕೇಳುತ್ತ ಕೂತರೆ ಕೆಲಸ ಸಾಗದು. ಈ ನಿಯಮದಿಂದ ನೀವು ಯಾವ ತೊಂದರೆ ನಿವಾರಿಸುತ್ತೀರಿ, ಅದೇ ತೊಂದರೆಗೆ ನಮ್ಮಲ್ಲೇನು ಮದ್ದು ಎಂದು ಕೇಳಬೇಕು.

1926ರಲ್ಲಿ ಬರ್ಲಿನ್ನಿನ ಹಳೆಯ ಅರಮನೆಯೊಳಗೆ ಕೈಸರ್ ವಿಲ್‌ಹೆಲ್ಮ್ ಸಂಸ್ಥೆಯ ವಿದೇಶಿ ಕಾನೂನು ವಿಭಾಗ ಶುರುವಾಯಿತು. ರಾಬೆಲ್ ಅದರ ನಿರ್ದೇಶಕರು. ದೇಶದೇಶಗಳ ಕಾನೂನನ್ನು ಒಂದಕ್ಕೊಂದು ಹೊಂದಿಸಲೆಂದು ರೋಮ್‌ನಲ್ಲಿ ಅದೇ ವರ್ಷ ಹುಟ್ಟಿದ ‘ಯೂನಿದ್ರುವಾ’ ಸಂಸ್ಥೆಗೆ ಅವರು ಒಂದು ಸಲಹೆ ಕೊಟ್ಟರು: ಜಗತ್ತನ್ನೆಲ್ಲ ಒಂದೇ ಕಾನೂನಿಗೆ ತರುವ ಮಾತು ಇರಲಿ, ಗಡಿ ದಾಟುವ ಸರಕಿನ ಮಾರಾಟ ಒಂದನ್ನು ಹಿಡಿಯೋಣ. ಹತ್ತಿ, ಉಕ್ಕು, ಉಣ್ಣೆ ಕೊಳ್ಳುವವರ, ಮಾರುವವರ ತಾಪತ್ರಯ ಎಲ್ಲ ಕಡೆ ಒಂದೇ ತಾನೆ? ಈ ಕೆಲಸದ ಹಿಂದಿನ ಅಧ್ಯಯನದ ಮೊದಲ ಸಂಪುಟ 1936ರಲ್ಲಿ ಅಚ್ಚಾಯಿತು. ಮರುವರ್ಷ ನಾಜಿಗಳು ಯಹೂದಿ ಮೂಲದ ರಾಬೆಲ್‌ರನ್ನು ಆ ಕುರ್ಚಿಯಿಂದ ಇಳಿಸಿದರು. 1939ರಲ್ಲಿ, 65ರ ವಯಸ್ಸಿನಲ್ಲಿ, ಅವರು ಅಮೆರಿಕದ ಹಡಗು ಹತ್ತಬೇಕಾಯಿತು. ಎರಡನೇ ಸಂಪುಟ ಬಂದದ್ದು 1958ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಮೂರು ವರ್ಷ.

*

ರಾಬೆಲ್ ಕಂಡದ್ದನ್ನು ಪ್ರಯೋಗಕ್ಕೆ ಒಡ್ಡಿದವರು ಅವರಿಗಿಂತ 35 ವರ್ಷ ಚಿಕ್ಕವರಾದ ರುಡಾಲ್ಫ್ ಶ್ಲೆಸಿಂಗರ್. 1909ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಅವರಿಗೆ ಅಲ್ಲೇ ಕಾನೂನಿನ ಡಾಕ್ಟರೇಟ್ ಸಿಕ್ಕಿದ್ದು 1933ರಲ್ಲಿ. ಯಹೂದಿಯಾಗಿ ಜರ್ಮನಿಯಲ್ಲಿ ವಕೀಲರಾಗಲು ಅದಕ್ಕಿಂತ ಕೆಟ್ಟ ವರ್ಷ ಇರಲಿಲ್ಲ. ಕೆಲಕಾಲ ಒಂದು ಬ್ಯಾಂಕಿನಲ್ಲಿದ್ದು, ದೇಶ ಬಿಡುವ ಯಹೂದಿ ಗಿರಾಕಿಗಳ ಹಣಕಾಸಿನ ವ್ಯವಹಾರಕ್ಕೆ ನೆರವಾದರು. ಆಮೇಲೆ ತಾವೂ ಹೊರಟರು. ನ್ಯೂಯಾರ್ಕಿನಲ್ಲಿ ಆ ಡಾಕ್ಟರೇಟ್ ಗೋಡೆಗೆ ನೇತುಹಾಕುವುದಕ್ಕಷ್ಟೇ ಸರಿ. ಮೂವತ್ತರ ಗಂಡಸು ಕೊಲಂಬಿಯಾ ಲಾ ಸ್ಕೂಲಿನಲ್ಲಿ ಎಳೆಯ ಹುಡುಗರ ಸಾಲಿನಲ್ಲಿ ಕೂತು ‘ಒಪ್ಪಂದ ಎಂದರೇನು’ ಎಂಬಲ್ಲಿಂದ ಮತ್ತೆ ಓದಿದರು. 1942ರಲ್ಲಿ ಪದವಿ, ಅಲ್ಲಿನ ಕಾನೂನು ಪತ್ರಿಕೆಯ ಪ್ರಧಾನ ಸಂಪಾದಕತ್ವ, 1948ರಿಂದ ಇಥಾಕಾದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ.

ಒಂದೇ ವಿದ್ಯೆಯನ್ನು ಎರಡು ಸಲ, ಎರಡು ರೀತಿಯಲ್ಲಿ ಕಲಿತವರಿಗೆ ಕಾಣುವುದು ಬೇರೆ. ಮ್ಯೂನಿಕ್‌ನ ಪಾಠ ಸೂತ್ರದಿಂದ ಶುರು: ಮೊದಲು ವ್ಯಾಖ್ಯೆ, ಆಮೇಲೆ ಭಾಗ, ಉಪಭಾಗ. ನ್ಯೂಯಾರ್ಕಿನದು ಕತೆಯಿಂದ ಶುರು: ಯಾರು ಯಾರಿಗೆ ಏನು ಬರೆದರು, ಯಾವತ್ತು ತಲುಪಿತು, ಯಾರಿಗೆ ನಷ್ಟವಾಯಿತು. ಸೂತ್ರವನ್ನು ಅನುವಾದ ಮಾಡಲಾಗದು. ಕತೆಯನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು.

1957ರ ಹೊತ್ತಿಗೆ ಅವರ ತಲೆಯಲ್ಲಿ ಒಂದು ಪ್ರಶ್ನೆ ಹೊಕ್ಕಿತ್ತು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಕಟ್ಟಳೆಯ 38ನೇ ಕಲಮು, ನಾಗರಿಕ ರಾಷ್ಟ್ರಗಳು ಮಾನ್ಯ ಮಾಡಿದ ಕಾನೂನಿನ ಸಾಮಾನ್ಯ ತತ್ತ್ವಗಳನ್ನೂ ಕೋರ್ಟು ಬಳಸಬೇಕು ಎನ್ನುತ್ತದೆ. ಎಲ್ಲರೂ ಆ ಮಾತನ್ನು ಉದ್ಧರಿಸುತ್ತಾರೆ. ಆ ತತ್ತ್ವಗಳು ಯಾವುವು ಎಂದು ಕೂತು ಹುಡುಕಿದವರು ಯಾರು? ಆ ವರ್ಷ ಬರೆದ ಲೇಖನದಲ್ಲಿ ಶ್ಲೆಸಿಂಗರ್ ಈ ಹುಡುಕಾಟದ ನಕ್ಷೆ ಹಾಕಿದರು. ಫೋರ್ಡ್ ಫೌಂಡೇಶನ್ ದುಡ್ಡು ಕೊಟ್ಟಿತು. ಬೇರೆ ಬೇರೆ ದೇಶಗಳ ಪಂಡಿತರು ಇಥಾಕಾಕ್ಕೆ ಬಂದು ಒಂದೇ ಮೇಜಿನ ಸುತ್ತ ಕೂತರು. ಫ್ರಾನ್ಸಿನ ಪಿಯೇರ್ ಬೊನಾಸಿಯೆ, ಇಟಲಿಯ ಜೀನೊ ಗೋರ್ಲಾ, ಜರ್ಮನಿಯ ವರ್ನರ್ ಲೊರೆನ್ಜ್ ಮುಂತಾದವರ ಜೊತೆಗೆ ಭಾರತದ ಈಶ್ವರ ಸಿ. ಸಕ್ಸೇನಾ ಕೂಡ ಇದ್ದರು.

ಹಿಡಿದ ವಿಷಯ ಒಂದೇ: ಒಪ್ಪಂದ ಹೇಗೆ ಕುದುರುತ್ತದೆ. ಉಪಾಯ ನೋಡಿದರೆ ಸರಳ. ‘ನಿಮ್ಮಲ್ಲಿ ಪ್ರತಿಫಲ ಬೇಕೇ’ ಎಂದು ಫ್ರೆಂಚರನ್ನು ಕೇಳಿದರೆ ಅವರಿಗೆ ಆ ಪದವೇ ಗೊತ್ತಿಲ್ಲ. ‘ಕಾಜ಼್ ಇದೆಯೇ’ ಎಂದು, ಅಂದರೆ ಫ್ರೆಂಚರು ಆಗ ಒಪ್ಪಂದಕ್ಕೆ ಕೇಳುತ್ತಿದ್ದ ‘ಕಾರಣ’ ಇದೆಯೇ ಎಂದು, ಇಂಗ್ಲಿಷರನ್ನು ಕೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ. ಅದರ ಬದಲು, ಒಬ್ಬರು ಹೀಗೆ ಬರೆದರು, ಇನ್ನೊಬ್ಬರು ಹೀಗೆ ನಂಬಿದರು, ನಡುವೆ ಇಂತಿಂಥದು ನಡೆಯಿತು, ಈಗ ನಿಮ್ಮ ಕೋರ್ಟು ಯಾರ ಪರ ತೀರ್ಪು ಕೊಡುತ್ತದೆ ಎಂದು ಕೇಳಬೇಕು. ಉತ್ತರ ಬಂದ ಮೇಲೆ, ಅದಕ್ಕೆ ನಿಮ್ಮ ಪುಸ್ತಕದ ಯಾವ ಅಧ್ಯಾಯ ನೋಡಿದಿರಿ ಎನ್ನಬೇಕು.

ಉಣ್ಣೆಯ ಕಾಗದಕ್ಕೆ ಈ ದೀಪ ಹಿಡಿದು ನೋಡಿ. ಇಂಗ್ಲಿಷ್ ಕಾನೂನಿನಲ್ಲಿ ಪ್ರತಿಫಲವಿಲ್ಲದ ಮಾತಿಗೆ ಕಟ್ಟಿಲ್ಲ. ಹಾಗಾಗಿ ‘ಕೊಡುತ್ತೇನೆ’ ಎಂದವರು ಎದುರಿನವರು ಒಪ್ಪುವ ಗಳಿಗೆಯವರೆಗೂ ‘ಕೊಡುವುದಿಲ್ಲ’ ಎನ್ನಬಹುದು. ಕಾಗದ ನಾಲ್ಕು ದಿನ ದಾರಿಯಲ್ಲಿರುವಾಗ ಒಪ್ಪಿದವರ ಗತಿ ಏನು? ಗಿರಣಿಗೆ ಆಳು ಗೊತ್ತು ಮಾಡಿ, ಬಟ್ಟೆಗೆ ಮುಂಗಡ ಹಿಡಿದು ಕೂತಿರುತ್ತಾರೆ. ಅವರನ್ನು ಕಾಯಲು ಇಂಗ್ಲಿಷ್ ಜಡ್ಜುಗಳು ಒಪ್ಪಿಗೆಯ ಗಳಿಗೆಯನ್ನೇ ಹಿಂದಕ್ಕೆ ಎಳೆದು ಟಪಾಲು ಡಬ್ಬಿಯ ಬಾಯಿಗೆ ತಂದು ನಿಲ್ಲಿಸಿದರು. ಜರ್ಮನರಿಗೆ ಆ ಕಸರತ್ತು ಬೇಕಿಲ್ಲ. ಅವರ ಸಂಹಿತೆಯ 145ನೇ ಕಲಮಿನಲ್ಲಿ, ಬೇರೆ ಷರತ್ತು ಹಾಕದಿದ್ದರೆ, ‘ಕೊಡುತ್ತೇನೆ’ ಎಂದವರು ಆಗಲೇ ಕಟ್ಟುಬಿದ್ದರು. ಉತ್ತರ ಬರಬಹುದಾದ ಕಾಲ ಮುಗಿಯುವವರೆಗೆ ಹಿಂದೆಗೆಯುವಂತಿಲ್ಲ. ಫ್ರೆಂಚ್ ಜಡ್ಜುಗಳು ಮೂರನೇ ದಾರಿ ಹಿಡಿದರು: ಹಿಂದೆಗೆಯಿರಿ, ಆದರೆ ಅವಸರದಲ್ಲಿ ಹಿಂದೆಗೆದು ನಂಬಿದವರಿಗೆ ನಷ್ಟ ಮಾಡಿದರೆ ಪರಿಹಾರ ತೆರಿ. ಮೂವರ ಕಳ್ಳನೂ ಒಬ್ಬನೇ: ಕಾಗದ ದಾರಿಯಲ್ಲಿರುವಾಗ ಮಾತು ತಪ್ಪುವವನು. ಅಗುಳಿ ಮಾತ್ರ ಬೇರೆ ಬೇರೆ. 130ನೇ ಕಲಮನ್ನು ಒಂಟಿಯಾಗಿ ಹಿಡಿದು ಹೋಲಿಸಿದವರು 145ನ್ನು ನೋಡಿರಲಿಲ್ಲ; ಅದು ಬೇರೆ ತಲೆಬರಹದಡಿ ಇತ್ತು.

ಇಲ್ಲಿ ನಮ್ಮ 1872ರ ಒಪ್ಪಂದ ಕಾಯಿದೆಯ 4ನೇ ಕಲಮಿಗೂ ಒಂದು ಜಾಗ ಉಂಟು. ಒಪ್ಪಿಗೆಯ ಕಾಗದ ಕೈಬಿಟ್ಟು ಹೊರಟ ಕೂಡಲೇ ಪ್ರಸ್ತಾವ ಮಾಡಿದವರು ಕಟ್ಟುಬೀಳುತ್ತಾರೆ; ಒಪ್ಪಿದವರು ಕಟ್ಟುಬೀಳುವುದು ಅದು ಪ್ರಸ್ತಾವ ಮಾಡಿದವರಿಗೆ ತಿಳಿದ ಮೇಲೆ. ಒಂದೇ ಕಾಗದ, ಎರಡು ಗಳಿಗೆ. ಪರೀಕ್ಷೆಗೆಂದು ಉರು ಹೊಡೆಯುವಾಗ ವಿಚಿತ್ರ ಅನ್ನಿಸುವ ಈ ಒಡಕು, ಯಾರನ್ನು ಯಾರಿಂದ ಕಾಯಬೇಕು ಎಂದು ಕೇಳಿಕೊಂಡರೆ ತಟ್ಟನೆ ಅರ್ಥವಾಗುತ್ತದೆ.

ಹತ್ತು ವರ್ಷದ ಕೆಲಸ 1968ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಹೊರಬಂತು. ಅಂಥದೇ ನೋಟದ ಫಲವನ್ನು 1980ರಲ್ಲಿ ವಿಯೆನ್ನಾದಲ್ಲಿ ರೂಪುಗೊಂಡು 1988ರ ಜನವರಿ 1ರಂದು ಜಾರಿಯಾದ ಅಂತರರಾಷ್ಟ್ರೀಯ ಸರಕು ಮಾರಾಟ ಒಡಂಬಡಿಕೆಯಲ್ಲಿ ಕಾಣಬಹುದು. ರಾಬೆಲ್ ನೆಟ್ಟ ಸಸಿ ಅದು. ಅದರ 18ನೇ ಕಲಮು ಜರ್ಮನರ ಮಾತು ಕೇಳಿತು: ಒಪ್ಪಿಗೆ ತಲುಪಿದ ಮೇಲೆ ಒಪ್ಪಂದ. 16ನೇ ಕಲಮು ಇಂಗ್ಲಿಷರ ಭಯಕ್ಕೆ ಮದ್ದು ಕೊಟ್ಟಿತು: ಒಪ್ಪಿಗೆ ಕಳಿಸಿದ ಮೇಲೆ ಪ್ರಸ್ತಾವ ಹಿಂದೆಗೆಯುವಂತಿಲ್ಲ. ತಮಾಷೆಯೆಂದರೆ ಆಡಮ್ಸ್ ತೀರ್ಪು ಕೊಟ್ಟ ಇಂಗ್ಲೆಂಡೂ ಅದನ್ನು ಓದುವ ಭಾರತವೂ ಆ ಒಡಂಬಡಿಕೆಗೆ ಇನ್ನೂ ಸೇರಿಲ್ಲ.

*

ಶ್ಲೆಸಿಂಗರ್ ಇಥಾಕಾದಲ್ಲಿ ನಕ್ಷೆ ಹಾಕುತ್ತಿದ್ದ ಅದೇ 1957ರಲ್ಲಿ ಆರು ದೇಶಗಳು ರೋಮ್‌ನಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯದ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ರೋಮ್‌ನಿಂದ 23 ವರ್ಷದ ಸೋಫಿಯಾ ಕೊರಾದಿ ಎಂಬ ಕಾನೂನು ವಿದ್ಯಾರ್ಥಿನಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿಗೆ ಹೋದರು. ಓದಿದ್ದು ಶ್ಲೆಸಿಂಗರ್ ಎರಡನೇ ಸಲ ಕಾನೂನು ಕಲಿತ ಕೊಲಂಬಿಯಾದಲ್ಲೇ. ಸ್ನಾತಕೋತ್ತರ ಪದವಿಯನ್ನೂ ಗಳಿಸಿದರು.

1958ರಲ್ಲಿ ಊರಿಗೆ ಮರಳಿ, ಅಮೆರಿಕದ ಆ ಪರೀಕ್ಷೆಗಳನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ತಮ್ಮ ವಿಶ್ವವಿದ್ಯಾಲಯದ ಕಚೇರಿಗೆ ಪತ್ರಗಳನ್ನು ಒಯ್ದರು. ಅಲ್ಲಿದ್ದ ಅಧಿಕಾರಿ ಎಲ್ಲರೆದುರು ಗೇಲಿ ಮಾಡಿದರು. ಅಮೆರಿಕ ಸುತ್ತಾಡಿ ಬಂದು ಈಗ ಇಲ್ಲಿ ಪದವಿ ಕೇಳುತ್ತೀಯಾ ಎಂಬ ಧಾಟಿ. ಕೊರಾದಿ ಮತ್ತೆ ಕೂತು ಇಟಲಿಯ ಪರೀಕ್ಷೆಗಳನ್ನು ಬರೆಯಬೇಕಾಯಿತು. ದೇಶ ಸುತ್ತು ಇಲ್ಲವೇ ಕೋಶ ಓದು ಎನ್ನುತ್ತೇವೆ ನಾವು. ಎರಡನ್ನೂ ಮಾಡಿ ಬಂದವರ ಕೈಯಲ್ಲಿದ್ದ ಕಾಗದಕ್ಕೆ ಕಚೇರಿಯ ಕಿಟಕಿಯಲ್ಲಿ ಕಾಸಿನ ಕಿಮ್ಮತ್ತಿರಲಿಲ್ಲ.

ಇಲ್ಲಿಯೂ ಒಂದು ಕಾಣ್ಕೆ ಇದೆ. ಆ ಅಧಿಕಾರಿ ಕೇಳಿದ್ದು ಕಲಮಿನ ಪಕ್ಕ ಕಲಮಿಡುವ ಹಳೆಯ ಪ್ರಶ್ನೆಯನ್ನೇ: ನಮ್ಮ ಪಠ್ಯಪಟ್ಟಿಯಲ್ಲಿರುವ ಈ ಹೆಸರಿನ ವಿಷಯ ಅಲ್ಲಿದೆಯೇ? ಕೊರಾದಿ ಕಂಡುಕೊಂಡದ್ದು ಬೇರೆ. ವಿಷಯದ ಹೆಸರು ಒಂದೇ ಆಗಿರಬೇಕಿಲ್ಲ. ಅಲ್ಲಿ ಕಲಿತದ್ದು ಇಲ್ಲಿನ ಕಲಿಕೆಗೆ ಸಮನಾದರೆ ಸಾಕು. ಮುಂದೆ ಇಟಲಿಯ ವಿಶ್ವವಿದ್ಯಾಲಯಗಳ ರೆಕ್ಟರುಗಳ ಸಮ್ಮೇಳನಕ್ಕೆ ಸಲಹೆಗಾರರಾದ ಅವರು 1969ರಲ್ಲಿ ಈ ಮಾತನ್ನು ಒಂದು ಟಿಪ್ಪಣಿಯಾಗಿ ಬರೆದು, ಸಿಕ್ಕವರಿಗೆಲ್ಲ ಕೊಟ್ಟು, ಕಚೇರಿಯಿಂದ ಕಚೇರಿಗೆ ಅಲೆದರು. 1976ರಲ್ಲಿ ಯುರೋಪಿಯನ್ ಸಮುದಾಯದ ಶಿಕ್ಷಣ ಮಂತ್ರಿಗಳು ಜಂಟಿ ಅಧ್ಯಯನ ಕಾರ್ಯಕ್ರಮಗಳಿಗೆ ಒಪ್ಪಿದರು. 1987ರ ಜೂನ್ 15ರಂದು, ವಿದ್ಯಾರ್ಥಿಗಳನ್ನು ಬೇರೆ ದೇಶದಲ್ಲಿ ಓದಲು ಕಳಿಸುವ ‘ಎರಾಸ್ಮಸ್’ ಯೋಜನೆ ಮಂಜೂರಾಯಿತು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಗಡಿ ದಾಟಿದರು. ಅಲ್ಲಿಂದೀಚೆಗೆ ದಾಟಿದವರ ಸಂಖ್ಯೆ ಕೋಟಿ ಮೀರಿದೆ. ಇಟಲಿಯಲ್ಲಿ ಕೊರಾದಿಯವರನ್ನು ‘ಎರಾಸ್ಮಸ್ ಅಮ್ಮ’ ಎಂದೇ ಕರೆದರು.

ಪದವಿಯ ಕಾಗದದ ಜಗಳ ಕೋರ್ಟಿಗೂ ಹೋಗಿತ್ತು. ಬೆಲ್ಜಿಯಂನಲ್ಲೇ ಕಾನೂನು ಓದಿದ ಡಚ್ ಪ್ರಜೆ ಝಾನ್ ರೇನರ್ಸ್ ಅವರಿಗೆ ಬೆಲ್ಜಿಯಂ ಪ್ರಜೆಯಲ್ಲ ಎಂಬ ಕಾರಣಕ್ಕೆ ವಕೀಲಿಕೆ ನಿರಾಕರಿಸಿದ್ದನ್ನು ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ 1974ರಲ್ಲಿ ತಳ್ಳಿಹಾಕಿತು. 1977ರಲ್ಲಿ ಟಿಯೆಫ್ರಿ ಎಂಬ ಬೆಲ್ಜಿಯನ್ ವಕೀಲರ ಸರದಿ. ಅವರ ಬೆಲ್ಜಿಯಂ ಪದವಿ ಫ್ರೆಂಚ್ ಪದವಿಗೆ ಸಮ ಎಂದು ಪ್ಯಾರಿಸ್ಸಿನ ವಿಶ್ವವಿದ್ಯಾಲಯವೇ ಬರೆದುಕೊಟ್ಟಿತ್ತು. ಆದರೂ ವಕೀಲರ ಸಂಘ ಫ್ರೆಂಚ್ ಪದವಿಯೇ ಬೇಕೆಂದು ಪಟ್ಟು ಹಿಡಿದಿತ್ತು. ಅದೂ ಸಲ್ಲದು ಎಂದಿತು ಕೋರ್ಟು.

*

ಇಥಾಕಾದ ದೀಪ ಯುರೋಪಿಗೆ ಮರಳಿದ್ದು ಆಲ್ಪ್ಸ್ ಮಡಿಲಿನ ಟ್ರೆಂಟೊ ಊರಿಗೆ. 1993ರಲ್ಲಿ ಮೌರೊ ಬುಸ್ಸಾನಿ ಮತ್ತು ಊಗೊ ಮತ್ತೇಯ್, ವೃದ್ಧ ಶ್ಲೆಸಿಂಗರ್ ಅವರ ಆಶೀರ್ವಾದದೊಂದಿಗೆ, ಯುರೋಪಿನ ಖಾಸಗಿ ಕಾನೂನಿನ ಸಮಾನ ತಿರುಳು ಹುಡುಕುವ ಯೋಜನೆ ಶುರುಮಾಡಿದರು. ಅವರ ಕೈಯಲ್ಲಿ ಇನ್ನೊಂದು ಸಲಕರಣೆಯೂ ಇತ್ತು. ಟೂರಿನ್ನಿನ ಪ್ರಾಧ್ಯಾಪಕ ರೊಡೊಲ್ಫೊ ಸಕ್ಕೊ ಹೇಳಿದ ‘ಫಾರ್ಮಂಟ್’ಗಳ ವಿಚಾರ ಅದು. ಪದ ಧ್ವನಿಶಾಸ್ತ್ರದ್ದು: ಕಿವಿಗೆ ಒಂದೇ ಸ್ವರ ಅನ್ನಿಸುವುದರೊಳಗೆ ಹಲವು ಕಂಪನಗಳಿರುವಂತೆ, ‘ನಮ್ಮ ದೇಶದ ಕಾನೂನು’ ಎಂಬುದರೊಳಗೂ ಹಲವು ದನಿಗಳು. ಶಾಸನ ಒಂದು ಹೇಳುತ್ತದೆ, ಜಡ್ಜುಗಳು ಇನ್ನೊಂದು ಮಾಡುತ್ತಾರೆ, ಮೇಷ್ಟರು ಮತ್ತೊಂದು ವಿವರಿಸುತ್ತಾರೆ. ಸ್ವಂತ ದೇಶದಲ್ಲಿ ಕೂತವರಿಗೆ ಈ ಮೂರೂ ಒಂದೇ ಆಗಿ ಕೇಳಿಸುತ್ತವೆ. ಹೊರಗಿನವರು ಬಂದು ‘ಹಾಗಾದರೆ ಇದಕ್ಕೇನು ಉತ್ತರ’ ಎಂದಾಗ ಅಪಸ್ವರ ಬಯಲಾಗುತ್ತದೆ.

ಟ್ರೆಂಟೊದವರ ಮೆಚ್ಚಿನ ಪ್ರಶ್ನೆಗಳಲ್ಲೊಂದು ನಮ್ಮ ಬೀದಿಯದೇ ಅನ್ನಿಸುತ್ತದೆ. ರಸ್ತೆ ಅಗೆಯುವ ಗುತ್ತಿಗೆದಾರರ ಯಂತ್ರ ತಾಗಿ ವಿದ್ಯುತ್ ಕೇಬಲ್ ಕಡಿಯಿತು, ಪಕ್ಕದ ಕಾರ್ಖಾನೆ ನಿಂತಿತು. ನಷ್ಟ ಯಾರು ತುಂಬಬೇಕು? ಬರ್ಮಿಂಗ್‌ಹ್ಯಾಮಿನಲ್ಲಿ ಇದು ನಿಜವಾಗಿಯೇ ನಡೆದಿತ್ತು. ಸ್ಪಾರ್ಟನ್ ಸ್ಟೀಲ್ ಕಾರ್ಖಾನೆಗೆ 14½ ಗಂಟೆ ಕರೆಂಟಿಲ್ಲ. ಕುಲುಮೆಯಲ್ಲಿ ಆಗ ಕರಗುತ್ತಿದ್ದ ಲೋಹ ಹಾಳಾಗಿ 368 ಪೌಂಡ್ ನಷ್ಟ, ಅದರಿಂದ ಬರಬೇಕಿದ್ದ ಲಾಭ 400 ಪೌಂಡ್. ಕರೆಂಟು ಇದ್ದಿದ್ದರೆ ಅಷ್ಟರಲ್ಲಿ ಇನ್ನೂ ನಾಲ್ಕು ಸಲ ಕರಗಿಸಬಹುದಿತ್ತು. ಆ ಲಾಭ 1,767 ಪೌಂಡ್. ಲಾರ್ಡ್ ಡೆನಿಂಗ್ ಇದ್ದ ಪೀಠ ಬಹುಮತದಿಂದ ಮೊದಲ ಎರಡು ಮೊತ್ತ ಕೊಡಿಸಿ ಮೂರನೆಯದನ್ನು ಬಿಟ್ಟಿತು. ಕೈಗೆ ಸಿಗುವ ವಸ್ತು ಕೆಟ್ಟರೆ ಪರಿಹಾರ ಉಂಟು. ಬರೀ ಗಳಿಕೆ ತಪ್ಪಿದರೆ ಇಲ್ಲ.

ಜರ್ಮನ್ ಸಂಹಿತೆಯ 823ನೇ ಕಲಮು ಕಾಯುವುದು ಜೀವ, ದೇಹ, ಆರೋಗ್ಯ, ಸ್ವಾತಂತ್ರ್ಯ, ಸ್ವತ್ತು ಮುಂತಾದ ಹಕ್ಕುಗಳನ್ನು. ಬರಿಯ ಹಣದ ನಷ್ಟ ಆ ಪಟ್ಟಿಯಲ್ಲಿಲ್ಲ. ಆದರೆ 1964ರ ಒಂದು ತೀರ್ಪಿನಲ್ಲಿ ಕರೆಂಟು ಹೋಗಿ ಮರಿ ಮಾಡುವ ಯಂತ್ರದೊಳಗಿನ ಕೋಳಿಮೊಟ್ಟೆಗಳು ಕೆಟ್ಟಿದ್ದಕ್ಕೆ ಪರಿಹಾರ ಸಿಕ್ಕಿತು. ಮೊಟ್ಟೆ ಸ್ವತ್ತಲ್ಲವೇ? ಡೆನಿಂಗ್ ಅವರ ಕುಲುಮೆಯ ಲೋಹವೂ ಜರ್ಮನರ ಮೊಟ್ಟೆಯೂ ಒಂದೇ ಬುಟ್ಟಿಯಲ್ಲಿ ಬಂದು ಕೂತವು. ಒಬ್ಬರಿಗೆ ಪೂರ್ವನಿದರ್ಶನ ದಾರಿ, ಇನ್ನೊಬ್ಬರಿಗೆ ಕಲಮು ದಾರಿ. ಫ್ರೆಂಚ್ ಸಂಹಿತೆಯಲ್ಲಿ ಇಂಥ ಪಟ್ಟಿಯೇ ಇಲ್ಲ. ತಪ್ಪಿನಿಂದ ನಷ್ಟ ಮಾಡಿದವರು ತುಂಬಿಕೊಡಬೇಕು, ಅಷ್ಟೇ. ಹಾಗೆಂದು ಅಲ್ಲಿ ದುಡ್ಡಿನ ಹೊಳೆ ಹರಿಯುವುದಿಲ್ಲ. ನಷ್ಟ ಖಚಿತವೇ, ನೇರವೇ ಎಂದು ಕೇಳುತ್ತ ಜಡ್ಜುಗಳೇ ಕತ್ತರಿ ಹಿಡಿಯುತ್ತಾರೆ. ಶಾಸನ ಉದಾರಿ, ತೀರ್ಪು ಬಿಗಿ. ಸಕ್ಕೊ ಹೇಳಿದ ಅಪಸ್ವರ ಇದೇ. ಹಾಗಂತ ಎಲ್ಲ ಕಡೆ ತಿರುಳು ಒಂದೇ ಎಂದು ಟ್ರೆಂಟೊದವರು ಹಟ ಹಿಡಿಯಲಿಲ್ಲ. ಬೇರೆಯಿದ್ದರೆ ಬೇರೆ ಎಂದೇ ಬರೆದರು. ನಕ್ಷೆ ಬರೆಯುವುದು ನಮ್ಮ ಕೆಲಸ, ಊರು ಕಟ್ಟುವುದಲ್ಲ ಎಂಬ ನಿಲುವು.

*

ಇವತ್ತು ಟೂರಿನ್ನಿನ ಲಾ ವಿದ್ಯಾರ್ಥಿನಿಯೊಬ್ಬಳು ಹ್ಯಾಂಬರ್ಗಿಗೆ ಹೊರಟರೆ, ಪೆಟ್ಟಿಗೆ ಕಟ್ಟುವ ಮೊದಲು ಒಂದು ಕಾಗದಕ್ಕೆ ಮೂವರ ಸಹಿ ಬೀಳಬೇಕು: ಅವಳದು, ಕಳಿಸುವ ವಿಶ್ವವಿದ್ಯಾಲಯದ್ದು, ಬರಮಾಡಿಕೊಳ್ಳುವ ವಿಶ್ವವಿದ್ಯಾಲಯದ್ದು. ‘ಕಲಿಕೆಯ ಒಪ್ಪಂದ’ ಎಂದೇ ಅದರ ಹೆಸರು. ಅಲ್ಲಿ ಓದುವ ಇಂತಿಂಥ ವಿಷಯಗಳನ್ನು ಪಾಸು ಮಾಡಿ ಬಂದರೆ ಇಲ್ಲಿ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದು ಊರಿನವರು ಮೊದಲೇ ಬರೆದುಕೊಡುತ್ತಾರೆ.

ಕೊರಾದಿಯವರಿಗೆ 1958ರಲ್ಲಿ ಇಲ್ಲದೆ ಹೋದದ್ದು ಈ ಹಾಳೆ. ಅವರು ಅಮೆರಿಕದಿಂದ ತಂದ ಕಾಗದವೂ ಲಿಂಡ್ಸೆಲ್‌ಗೆ 9ನೇ ತಾರೀಖು ಮುಟ್ಟಿದ ಕಾಗದದ ಜಾತಿಯದೇ. ಅದು ಬರುವಷ್ಟರಲ್ಲಿ ಇತ್ತ ಬಾಗಿಲು ಹಾಕಿತ್ತು. ಮೂರು ಸಹಿಯ ಈ ಹಾಳೆ ಆ ತೊಡಕನ್ನು ಬಿಡಿಸಿದ ಬಗೆಯನ್ನು ಗಮನಿಸಿ: ವಿದ್ಯಾರ್ಥಿ ದಾರಿಯಲ್ಲಿರುವಾಗ ಊರಿನವರು ಮಾತು ಹಿಂದೆಗೆಯುವಂತಿಲ್ಲ, ಹೊರಡುವ ಮೊದಲೇ ಕಟ್ಟುಬಿದ್ದಿದ್ದಾರೆ. ಅಗುಳಿ ಜರ್ಮನರದು.